ಲೆಕ್ಕದ ಪುಸ್ತಕ ಯಾರ ಕೈಲಿದೆ?

ಗ್ರೂಪ್ ಪ್ರಾಜೆಕ್ಟ್ ಮಾಡಿದವರಿಗೆಲ್ಲ ಒಂದು ವಿಷಯ ಗೊತ್ತಿರುತ್ತೆ. ಕೋಡ್ ಬರೆದವನ ಪ್ರಕಾರ ಕೆಲಸವೆಲ್ಲ ಅವನದೇ. ರಿಪೋರ್ಟ್ ಪ್ರಿಂಟ್ ಹಾಕಿಸಿ, ಬೈಂಡ್ ಮಾಡಿಸಿ, ಗೈಡ್ ಹಿಂದೆ ಅಲೆದು ಸಹಿ ತಂದವನ ಪ್ರಕಾರ ಅವನಿಲ್ಲದಿದ್ದರೆ ಆ ಕೋಡ್ ಲ್ಯಾಪ್‌ಟಾಪಿನಲ್ಲೇ ಕೊಳೀತಾ ಇತ್ತು. ಇಬ್ಬರು ಹೇಳೋದೂ ನಿಜ. ಅದಕ್ಕೇ ಜಗಳ ಮುಗಿಯಲ್ಲ.

ಲೇಖಕರು ಮತ್ತು ಪ್ರಕಾಶಕರ ಸಂಬಂಧ ಇದೇ ಜಗಳದ ದೊಡ್ಡ ರೂಪ. ಲೇಖಕರನ್ನು ಕೇಳಿದರೆ ಪ್ರಕಾಶಕರು ಬೆವರು ಸುರಿಸದೆ ದುಡ್ಡು ಎಣಿಸುವವರು. ಪ್ರಕಾಶಕರನ್ನು ಕೇಳಿದರೆ ಲೇಖಕರು ಹೇಳಿದ ದಿನಕ್ಕೆ ಹಸ್ತಪ್ರತಿ ಕೊಡದವರು, ಕೊಟ್ಟ ಮೇಲೆ ಕರಡಿನಲ್ಲಿ ಮತ್ತೊಂದು ಕಾದಂಬರಿ ಬರೆಯುವವರು. ಇಬ್ಬರಿಗೂ ಒಬ್ಬರನ್ನೊಬ್ಬರು ಬಿಟ್ಟರೆ ಗತಿಯಿಲ್ಲ. ಈ ಜಗಳಗಳ ಬಗ್ಗೆ ಓದುವಾಗ ನಾವು ಹೊಟ್ಟೆ ತುಂಬಾ ನಕ್ಕೆವು. ಆಮೇಲೆ ಒಂದು ಪ್ರಶ್ನೆ ಹುಟ್ಟಿತು. ಇನ್ನೂರು ವರ್ಷಗಳಿಂದ, ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ಸ್ವಭಾವದ ಜನ ಒಂದೇ ಥರ ಜಗಳ ಆಡಿದ್ದಾರೆ ಅಂದರೆ ತಪ್ಪು ಜನರದ್ದಾ, ಅಥವಾ ಸಿಸ್ಟಮ್ಮಿನ ಡಿಸೈನ್‌ನದ್ದಾ?

ನಮ್ಮ ಉತ್ತರ: ಡಿಸೈನ್‌ನದ್ದು. ಹೇಗೆ ಅಂತ ನೋಡೋಣ.

ಮೊದಲು ಸ್ವಲ್ಪ ಲೆಕ್ಕ

ಒಂದು ಪುಸ್ತಕ ಇದೆ ಅಂದುಕೊಳ್ಳಿ. ಬೆಲೆ 200 ರೂಪಾಯಿ, ಅಚ್ಚು ಹಾಕಿಸಿದ್ದು 1,000 ಪ್ರತಿ, ರಾಯಲ್ಟಿ ಶೇಕಡಾ 10. ಅಂದರೆ ಒಂದು ಪ್ರತಿ ಮಾರಾಟವಾದರೆ ಲೇಖಕರಿಗೆ 20 ರೂಪಾಯಿ. ಪುಸ್ತಕದಂಗಡಿಗೆ ಶೇಕಡಾ 35 ಕಮಿಷನ್ ಕೊಟ್ಟರೆ ಪ್ರಕಾಶಕರ ಕೈಗೆ ಬರೋದು 130 ರೂಪಾಯಿ. ಅದರಲ್ಲಿ ರಾಯಲ್ಟಿ 20 ಕಳೆದರೆ 110. ಕಾಗದ, ಅಚ್ಚು, ಬೈಂಡಿಂಗ್, ಮುಖಪುಟ, ಕರಡು ತಿದ್ದುವವರ ಸಂಬಳ ಎಲ್ಲ ಸೇರಿ ಪ್ರತಿಗೆ 70 ರೂಪಾಯಿ ಅಂತ ಇಟ್ಟುಕೊಳ್ಳೋಣ. ಹಾಗಾದರೆ ಒಂದು ಪ್ರತಿಯೂ ಮಾರಾಟವಾಗುವ ಮೊದಲೇ ಪ್ರಕಾಶಕರು 70,000 ರೂಪಾಯಿ ಖರ್ಚು ಮಾಡಿ ಕೂತಿರುತ್ತಾರೆ.

70,000ವನ್ನು 110ರಿಂದ ಭಾಗಿಸಿ. 637ನೇ ಪ್ರತಿ ಮಾರಾಟವಾಗುವವರೆಗೂ ಪ್ರಕಾಶಕರಿಗೆ ನಷ್ಟವೇ. ಲೇಖಕರಿಗೆ ಮಾತ್ರ ಮೊದಲ ಪ್ರತಿಯಿಂದಲೇ 20 ರೂಪಾಯಿ. 400 ಪ್ರತಿಗೆ ಪುಸ್ತಕ ನಿಂತುಹೋದರೆ ಲೇಖಕರು 8,000 ರೂಪಾಯಿ ಪಡೆದಿರುತ್ತಾರೆ, ಪ್ರಕಾಶಕರು 26,000 ಕಳೆದುಕೊಂಡಿರುತ್ತಾರೆ. ಇಲ್ಲಿಯವರೆಗೆ ಪ್ರಕಾಶಕರ ಮೇಲೆ ಅಯ್ಯೋ ಪಾಪ ಅನ್ನಿಸುತ್ತೆ, ಅಲ್ವಾ?

ಈಗ ಇನ್ನೊಂದು ಕಡೆಯಿಂದ ನೋಡಿ. ನಿಜವಾಗಿ 700 ಪ್ರತಿ ಮಾರಾಟವಾಗಿವೆ, ಆದರೆ ಪ್ರಕಾಶಕರು 400 ಅಂತ ಹೇಳಿದರು. ಲೇಖಕರಿಗೆ 6,000 ರೂಪಾಯಿ ಖೋತಾ. ಗೋಡೌನಿನಲ್ಲಿ ಎಷ್ಟು ಪುಸ್ತಕ ಉಳಿದಿದೆ ಅಂತ ಎಣಿಸಲು ಅವರಿಗೆ ಹಕ್ಕೂ ಇಲ್ಲ, ದಾರಿಯೂ ಇಲ್ಲ. ಪ್ರಕಾಶಕರು ಸತ್ಯಹರಿಶ್ಚಂದ್ರರೇ ಆಗಿದ್ದರೂ ಲೇಖಕರಿಗೆ ಅದು ಗೊತ್ತಾಗೋದು ಹೇಗೆ?

ಮೂಲ ಸಮಸ್ಯೆ ಇದೇ. ಹಸ್ತಪ್ರತಿ ಎಲ್ಲಿಯವರೆಗೆ ಬಂದಿದೆ ಅಂತ ಗೊತ್ತಿರೋದು ಲೇಖಕರಿಗೆ ಮಾತ್ರ. ಪುಸ್ತಕ ಎಷ್ಟು ಮಾರಾಟವಾಗಿದೆ ಅಂತ ಗೊತ್ತಿರೋದು ಪ್ರಕಾಶಕರಿಗೆ ಮಾತ್ರ. ಇಬ್ಬರ ಕೈಯಲ್ಲೂ ಅರ್ಧ ಅರ್ಧ ಡೇಟಾ. ಉಳಿದರ್ಧವನ್ನು ಅನುಮಾನದಿಂದ ತುಂಬಿಕೊಳ್ಳುತ್ತಾರೆ.

ಗಯಟೆಯ ಮುಚ್ಚಿದ ಲಕೋಟೆ

ಈ ಅರ್ಧ ಡೇಟಾ ಸಮಸ್ಯೆಯನ್ನು ಜಾಣತನದಿಂದ ಬಿಡಿಸಲು ಹೊರಟವನು ಜರ್ಮನ್ ಕವಿ ಗಯಟೆ. 1797ರಲ್ಲಿ ‘ಹರ್ಮನ್ ಮತ್ತು ಡೊರೊಥಿಯಾ’ ಎಂಬ ಕಾವ್ಯವನ್ನು ಬರ್ಲಿನ್ನಿನ ಪ್ರಕಾಶಕ ಫೀವೆಗ್‌ಗೆ ಕೊಡುವಾಗ ಅವನಿಗಿದ್ದ ಕುತೂಹಲ ಒಂದೇ: ನನ್ನ ಪುಸ್ತಕಕ್ಕೆ ಈ ಮನುಷ್ಯ ಒಳಗೊಳಗೇ ಎಷ್ಟು ಬೆಲೆ ಕಟ್ಟಿದ್ದಾನೆ? ನೇರವಾಗಿ ಕೇಳಿದರೆ ಯಾವ ಪ್ರಕಾಶಕ ನಿಜ ಹೇಳ್ತಾನೆ?

ಗಯಟೆ ಒಂದು ಉಪಾಯ ಮಾಡಿದ. ತಾನು ಬಯಸುವ ಮೊತ್ತವನ್ನು ಚೀಟಿಯಲ್ಲಿ ಬರೆದು, ಲಕೋಟೆಗೆ ಹಾಕಿ, ಮೊಹರು ಮಾಡಿ ಬ್ಯೋಟಿಗರ್ ಎಂಬ ಮಧ್ಯವರ್ತಿಯ ಕೈಗೆ ಕೊಟ್ಟ. ಫೀವೆಗ್ ತನ್ನ ಮೊತ್ತ ಹೇಳಬೇಕು. ಅದು ಚೀಟಿಯಲ್ಲಿದ್ದದ್ದಕ್ಕಿಂತ ಕಡಿಮೆಯಾದರೆ ವ್ಯವಹಾರ ಅಲ್ಲಿಗೇ ಮುಗಿಯಿತು, ಚೌಕಾಸಿ ಇಲ್ಲ. ಹೆಚ್ಚಾದರೆ ಚೀಟಿಯಲ್ಲಿ ಬರೆದಷ್ಟನ್ನೇ ಕೊಟ್ಟರೆ ಸಾಕು.

ಈ ನಿಯಮವನ್ನು ಇನ್ನೊಂದು ಸಲ ಓದಿ. ಫೀವೆಗ್ ಹೆಚ್ಚು ಹೇಳಿದರೂ ಹೆಚ್ಚು ಕೊಡಬೇಕಿಲ್ಲ. ಕಡಿಮೆ ಹೇಳಿದರೆ ಪುಸ್ತಕವೇ ಕೈತಪ್ಪಬಹುದು. ಹಾಗಾಗಿ ಮನಸ್ಸಿನಲ್ಲಿದ್ದ ನಿಜವಾದ ಬೆಲೆ ಹೇಳೋದೇ ಅವನಿಗೆ ಲಾಭ. ಗೇಮ್ ಥಿಯರಿಯಲ್ಲಿ ಎರಡನೇ ಬೆಲೆಯ ಹರಾಜು ಅಂತ ಬರುತ್ತಲ್ಲ, ವಿಕ್ರೆ ಎಂಬ ಅರ್ಥಶಾಸ್ತ್ರಜ್ಞ 1961ರಲ್ಲಿ ವಿಶ್ಲೇಷಿಸಿದ್ದು, ಅದರ ಒಳಗಿರುವುದೂ ಇದೇ ತರ್ಕ. ಕವಿಯೊಬ್ಬ 164 ವರ್ಷ ಮೊದಲೇ ಅದನ್ನು ಪ್ರಕಾಶಕನ ಮೇಲೆ ಪ್ರಯೋಗಿಸಿದ್ದ!

ಲಕೋಟೆಯಲ್ಲಿದ್ದದ್ದು 1,000 ಥೇಲರ್. ಫೀವೆಗ್ ಹೇಳಿದ್ದು ಎಷ್ಟು ಗೊತ್ತಾ? ಸರಿಯಾಗಿ 1,000. ಮಧ್ಯವರ್ತಿ ಮಹಾಶಯ ಮೊದಲೇ ಪ್ರಕಾಶಕನಿಗೆ ಸುಳಿವು ಕೊಟ್ಟುಬಿಟ್ಟಿದ್ದ. ಗಯಟೆಗೆ ಕೇಳಿದ ಹಣ ಸಿಕ್ಕಿತು, ಬೇಕಿದ್ದ ಮಾಹಿತಿ ಸಿಗಲಿಲ್ಲ. ಅಲ್ಗಾರಿದಮ್ ಸರಿಯಾಗಿಯೇ ಇತ್ತು, ಪೇಪರ್ ಲೀಕ್ ಆಯಿತು.

ಟ್ವೇನ್ ಮತ್ತು ಬ್ಲಿಸ್

ಗಯಟೆ ಒಂದು ಲಕೋಟೆಗೆ ನಿಲ್ಲಿಸಿದ. ಅಮೆರಿಕದ ಮಾರ್ಕ್ ಟ್ವೇನ್ ಹಾಗೆ ನಿಲ್ಲಿಸುವ ಆಸಾಮಿ ಅಲ್ಲ. ಮೊದಲು ಲೇಖಕನಾಗಿ ಪ್ರಕಾಶಕರನ್ನು ಬೈದ, ಆಮೇಲೆ ತಾನೇ ಪ್ರಕಾಶಕನಾದ. ಒಂದೇ ಮನುಷ್ಯ ಎರಡೂ ಕುರ್ಚಿಯಲ್ಲಿ ಕೂತಿದ್ದರಿಂದ ನಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಪ್ರಯೋಗ ಸಿಗಲಾರದು.

ಟ್ವೇನ್‌ನ ಮೊದಲ ದೊಡ್ಡ ಗೆಲುವು 1869ರ ‘ದಿ ಇನ್ನೊಸೆಂಟ್ಸ್ ಅಬ್ರಾಡ್’ ಎಂಬ ಪ್ರವಾಸ ಕಥನ. ಪ್ರಕಟಿಸಿದ್ದು ಹಾರ್ಟ್‌ಫರ್ಡಿನ ಅಮೆರಿಕನ್ ಪಬ್ಲಿಷಿಂಗ್ ಕಂಪನಿ, ಅದನ್ನು ನಡೆಸುತ್ತಿದ್ದವನು ಎಲೈಷಾ ಬ್ಲಿಸ್. ಇವರದು ಚಂದಾ ಪದ್ಧತಿ. ಏಜೆಂಟರು ಮಾದರಿ ಪುಟಗಳಿದ್ದ ಪುಸ್ತಕ ಹಿಡಿದು ಮನೆಮನೆಗೆ ಹೋಗಿ, ಮುಂಚೆಯೇ ಹೆಸರು ಬರೆಸಿಕೊಂಡು ಬರುತ್ತಿದ್ದರು. ಹಳ್ಳಿಯ ಗಿರಾಕಿಗೆ ಕೊಟ್ಟ ದುಡ್ಡಿಗೆ ತಕ್ಕ ತೂಕ ಬೇಕಲ್ಲ? ಹಾಗಾಗಿ 600ಕ್ಕೂ ಹೆಚ್ಚು ಪುಟ, 200ಕ್ಕೂ ಹೆಚ್ಚು ಚಿತ್ರ. ಇಂಟರ್ನಲ್ಸ್‌ನಲ್ಲಿ ಪುಟ ತುಂಬಿಸಿದರೆ ಮಾರ್ಕ್ಸ್ ಬರುತ್ತೆ ಅನ್ನೋ ನಂಬಿಕೆ ಆಗಲೇ ಇತ್ತು ಅಂತ ಕಾಣುತ್ತೆ.

ಬ್ಲಿಸ್ ಎರಡು ಆಯ್ಕೆ ಕೊಟ್ಟನಂತೆ: ಒಂದೇ ಸಲಕ್ಕೆ 10,000 ಡಾಲರ್ ನಗದು, ಇಲ್ಲವೇ ಶೇಕಡಾ 5 ರಾಯಲ್ಟಿ. ಟ್ವೇನ್ ಆರಿಸಿದ್ದು ರಾಯಲ್ಟಿ. ಮೊದಲ ವರ್ಷದಲ್ಲೇ ಸುಮಾರು 70,000 ಪ್ರತಿ ಹೋದವು. ಕಡಿಮೆ ಬೆಲೆಯ ಪ್ರತಿಗೆ 3.50 ಡಾಲರ್. ಅದರ ಶೇಕಡಾ 5 ಅಂದರೆ ಹದಿನೇಳೂವರೆ ಸೆಂಟ್. ಗುಣಿಸಿ ನೋಡಿ, ಒಂದೇ ವರ್ಷಕ್ಕೆ 12,000 ಡಾಲರ್ ದಾಟುತ್ತೆ. ಟ್ವೇನ್ ಗೆದ್ದ.

ಮುಂದಿನ ಪುಸ್ತಕ ‘ರಫಿಂಗ್ ಇಟ್’, 1872. ಈ ಸಲ ಟ್ವೇನ್ ಲಾಭದಲ್ಲಿ ಅರ್ಧ ಕೇಳಿದ. ಬ್ಲಿಸ್ ಕೊಟ್ಟಿದ್ದು ಶೇಕಡಾ 7.5 ರಾಯಲ್ಟಿ. ಖರ್ಚೆಲ್ಲ ಕಳೆದರೆ ಇದೇ ಅರ್ಧ ಲಾಭ ಅಂತ ಸಮಾಧಾನ ಹೇಳಿದ. ಟ್ವೇನ್ ನಂಬಿದ. ಆದರೆ ಲಾಭ ಎಷ್ಟು ಅಂತ ಗೊತ್ತಿಲ್ಲದೆ ಅದರ ಅರ್ಧ ಎಷ್ಟು ಅಂತ ಹೇಗೆ ಗೊತ್ತಾಗಬೇಕು? 1880ರ ‘ಎ ಟ್ರ್ಯಾಂಪ್ ಅಬ್ರಾಡ್’ ಪುಸ್ತಕಕ್ಕೆ ಮಾತ್ರ ಅರ್ಧ ಲಾಭ ಅಂತಲೇ ಒಪ್ಪಂದವಾಯಿತು. ಅದೇ ವರ್ಷ ಬ್ಲಿಸ್ ತೀರಿಕೊಂಡ. ಲೆಕ್ಕದ ಪಟ್ಟಿ ಕೈಗೆ ಬಂದಾಗ ಟ್ವೇನ್‌ಗೆ ನಿಜವಾದ ಅರ್ಧ ಲಾಭ ಅಂದರೆ ಏನು ಅಂತ ತಿಳಿಯಿತು. ಅಲ್ಲಿಂದ ಮುಂದೆ ಬದುಕಿದ್ದಷ್ಟು ಕಾಲವೂ ಅವನು ಬ್ಲಿಸ್‌ಗೆ ಶಾಪ ಹಾಕುವುದನ್ನು ಬಿಡಲಿಲ್ಲ.

‘ಟಾಮ್ ಸಾಯರ್’ ವಿಷಯದಲ್ಲೂ ಹೀಗೇ ಒಂದು ಎಡವಟ್ಟು. 1876ರ ಜೂನ್‌ನಲ್ಲಿ ಇಂಗ್ಲೆಂಡಿನಲ್ಲಿ ಪುಸ್ತಕ ಹೊರಬಂತು. ಬ್ಲಿಸ್ ಅಮೆರಿಕದಲ್ಲಿ ಅದನ್ನು ತಂದಿದ್ದು ಡಿಸೆಂಬರಿನಲ್ಲಿ. ಆಗ ಎರಡು ದೇಶಗಳ ನಡುವೆ ಕಾಪಿರೈಟ್ ಒಪ್ಪಂದ ಇರಲಿಲ್ಲ. ಮಧ್ಯದ ತಿಂಗಳುಗಳಲ್ಲಿ ಕೆನಡಾದ ಬೆಲ್ಫರ್ಡ್ ಬ್ರದರ್ಸ್ ಇಂಗ್ಲಿಷ್ ಆವೃತ್ತಿ ನೋಡಿಕೊಂಡು ಅಗ್ಗದ ಪ್ರತಿ ಅಚ್ಚು ಹಾಕಿ ಅಮೆರಿಕಕ್ಕೆ ಸಾಗಿಸಿತು. ಟ್ವೇನ್‌ಗೆ ಅದರಿಂದ ಒಂದು ಸೆಂಟೂ ಬರಲಿಲ್ಲ.

ಹಾಗಂತ ಟ್ವೇನ್ ಏನು ಆದರ್ಶ ಲೇಖಕನಾ? ಅದೂ ಅಲ್ಲ. 1870ರ ಕೊನೆಯಲ್ಲಿ ಅವನಿಗೆ ದಕ್ಷಿಣ ಆಫ್ರಿಕಾದ ವಜ್ರದ ಗಣಿಗಳ ಮೇಲೆ ಪುಸ್ತಕ ಬರೆಯುವ ಹುಚ್ಚು ಹಿಡಿಯಿತು. ತಾನು ಹೋಗಲು ಸೋಮಾರಿತನ. ಬ್ಲಿಸ್‌ನಿಂದ ಮುಂಗಡ ಪಡೆದು ಗೆಳೆಯನೊಬ್ಬನನ್ನು ಕಳಿಸಿದ. ಅವನು ಬಂದು ಕಥೆ ಹೇಳೋದು, ಇವನು ಬರೆಯೋದು ಅಂತ ಪ್ಲಾನ್. ಗೆಳೆಯ ಹೋಗಿಬಂದ, ಆದರೆ 1872ರಲ್ಲಿ ಕಾಯಿಲೆಯಿಂದ ತೀರಿಕೊಂಡ. ಪುಸ್ತಕ ಬರಲೇ ಇಲ್ಲ. ಬ್ಲಿಸ್ ಆತ್ಮಚರಿತ್ರೆ ಬರೆದಿದ್ದರೆ ಅದರಲ್ಲೂ ಒಂದಷ್ಟು ಶಾಪ ಇರುತ್ತಿತ್ತೇನೋ.

ಕುರ್ಚಿ ಬದಲಾಯಿತು

1884ರಲ್ಲಿ ಟ್ವೇನ್ ತನ್ನದೇ ಪ್ರಕಾಶನ ಸಂಸ್ಥೆ ಶುರು ಮಾಡಿದ. ನಡೆಸಲು ಇಟ್ಟಿದ್ದು ಅಕ್ಕನ ಮಗಳ ಗಂಡ ಚಾರ್ಲ್ಸ್ ವೆಬ್‌ಸ್ಟರ್‌ನನ್ನು. ಸಂಸ್ಥೆಗೂ ಅವನದೇ ಹೆಸರು. ಮೊದಲ ಪುಸ್ತಕ ‘ಹಕಲ್‌ಬೆರಿ ಫಿನ್’. ಅದರಲ್ಲೇ ಒಂದು ಯಡವಟ್ಟಾಯಿತು. ಒಂದು ಚಿತ್ರದ ಅಚ್ಚಿನ ಪಡಿಯಲ್ಲಿ ಯಾರೋ ಪುಂಡ ಒಬ್ಬ ಹಿರಿಯರ ಪ್ಯಾಂಟಿನ ಮೇಲೆ ಹೇಳಬಾರದ ಗೆರೆಯೊಂದನ್ನು ಕೊರೆದಿದ್ದ. ಗೊತ್ತಾಗುವಷ್ಟರಲ್ಲಿ ಸಾವಿರಾರು ಪ್ರತಿ ಅಚ್ಚಾಗಿತ್ತು. ಆ ಪುಟವನ್ನು ಕಿತ್ತು, ಹೊಸ ಪುಟ ಅಂಟಿಸಿ, ಪುಂಡನನ್ನು ಹಿಡಿದುಕೊಟ್ಟವರಿಗೆ 500 ಡಾಲರ್ ಬಹುಮಾನ ಅಂತ ಸಾರಿದರು. ಯಾರೂ ಸಿಗಲಿಲ್ಲ. ಕ್ರಿಸ್‌ಮಸ್ ಮಾರಾಟ ತಪ್ಪಿಹೋಯಿತು. ಅಮೆರಿಕದಲ್ಲಿ ಪುಸ್ತಕ ಬಂದಿದ್ದು 1885ರ ಫೆಬ್ರುವರಿಯಲ್ಲಿ. ಬ್ಲಿಸ್ ಏಕೆ ಹೇಳಿದ ಟೈಮಿಗೆ ಪುಸ್ತಕ ತರುತ್ತಿರಲಿಲ್ಲ ಅನ್ನೋದು ಟ್ವೇನ್‌ಗೆ ಆಗ ಸ್ವಲ್ಪವಾದರೂ ಅರ್ಥವಾಗಿರಬೇಕು.

ನಂತರ ಬಂದಿದ್ದು ಅವನ ಜೀವನದ ಅತ್ಯುತ್ತಮ ಕೆಲಸ. ಮಾಜಿ ಅಧ್ಯಕ್ಷ ಯುಲಿಸಿಸ್ ಗ್ರಾಂಟ್ 1884ರಲ್ಲಿ ಪಾಲುದಾರನ ಮೋಸದಿಂದ ಇದ್ದದ್ದನ್ನೆಲ್ಲ ಕಳೆದುಕೊಂಡಿದ್ದ. ಜೊತೆಗೆ ಗಂಟಲಿನ ಕ್ಯಾನ್ಸರ್. ಹೆಂಡತಿ ಮಕ್ಕಳಿಗೆ ಏನಾದರೂ ಉಳಿಯಲಿ ಅಂತ ನೆನಪುಗಳನ್ನು ಬರೆಯಲು ಕೂತಿದ್ದ. ಬೇರೊಂದು ಸಂಸ್ಥೆ ಅವನಿಗೆ ಶೇಕಡಾ 10 ರಾಯಲ್ಟಿ ಹೇಳಿತ್ತು. ಗ್ರಾಂಟ್ ಒಪ್ಪಿಕೊಳ್ಳುವುದರಲ್ಲಿದ್ದ. ವಿಷಯ ತಿಳಿದು ಟ್ವೇನ್ ಓಡಿಹೋಗಿ ನಿವ್ವಳ ಲಾಭದಲ್ಲಿ ಶೇಕಡಾ 70 ಕೊಡ್ತೀನಿ ಅಂದ. ಲೇಖಕನಾಗಿ ತನಗೆ ಸಿಗದ ನ್ಯಾಯವನ್ನು ಪ್ರಕಾಶಕನಾಗಿ ಇನ್ನೊಬ್ಬರಿಗೆ ಕೊಟ್ಟ. ಗ್ರಾಂಟ್ ಬರೆದು ಮುಗಿಸಿದ ಕೆಲವೇ ದಿನಗಳಲ್ಲಿ, 1885ರ ಜುಲೈ 23ರಂದು, ತೀರಿಕೊಂಡ. ಪುಸ್ತಕ 3 ಲಕ್ಷಕ್ಕೂ ಹೆಚ್ಚು ಸೆಟ್ ಮಾರಾಟವಾಯಿತು. ಅವನ ಹೆಂಡತಿಗೆ 1886ರ ಫೆಬ್ರುವರಿಯಲ್ಲಿ ಸಿಕ್ಕ ಮೊದಲ ಚೆಕ್ಕೇ 2 ಲಕ್ಷ ಡಾಲರಿನದು. ಒಟ್ಟು 4 ಲಕ್ಷ ದಾಟಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ‘ಲೇಖಕರೇ ಪ್ರಕಾಶಕರಾದರೆ ಎಲ್ಲ ಸರಿಹೋಗುತ್ತೆ’ ಅಂತ ಬರೆದು ನಾವೂ ಮುಗಿಸಬಹುದಿತ್ತು.

ಇಳಿಜಾರು

ಗೆಲುವು ತಲೆಗೇರಿತು. 1887ರಲ್ಲಿ ಪೋಪ್ ಹದಿಮೂರನೇ ಲಿಯೋನ ಜೀವನ ಚರಿತ್ರೆ ತಂದರು. ಜಗತ್ತಿನ ಪ್ರತಿಯೊಬ್ಬ ಕ್ಯಾಥೊಲಿಕ್ಕನೂ ಕೊಳ್ಳುತ್ತಾನೆ ಅನ್ನೋ ಲೆಕ್ಕ ಟ್ವೇನ್‌ನದು. ಹಾಗೇನೂ ಆಗಲಿಲ್ಲ. ಖ್ಯಾತ ಬೋಧಕ ಹೆನ್ರಿ ವಾರ್ಡ್ ಬೀಚರ್‌ಗೆ ಆತ್ಮಚರಿತ್ರೆಗಾಗಿ ಮುಂಗಡ ಕೊಟ್ಟಿದ್ದರು. ಅವನು ಬರೆಯುವ ಮೊದಲೇ ತೀರಿಕೊಂಡ. ವಜ್ರದ ಗಣಿಯ ಕಥೆ ನೆನಪಾಯಿತಾ? ಈ ಸಲ ಕಳೆದುಕೊಂಡವನ ಜಾಗದಲ್ಲಿ ಟ್ವೇನ್ ಇದ್ದ.

ಅಮೆರಿಕನ್ ಸಾಹಿತ್ಯದ ಹಲವು ಸಂಪುಟಗಳ ಒಂದು ಮಾಲೆಯನ್ನು ಕಂತಿನ ಮೇಲೆ ಮಾರಲು ಹೊರಟರು. ಅಚ್ಚಿನ ಖರ್ಚು ಇವತ್ತೇ, ಗಿರಾಕಿಯ ದುಡ್ಡು ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ. ಹೆಚ್ಚು ಮಾರಿದಷ್ಟೂ ಕೈಯಲ್ಲಿ ನಗದು ಕಡಿಮೆ. ಸ್ಟಾರ್ಟಪ್ ಸೆಲ್‌ನವರು ಕ್ಯಾಶ್ ಫ್ಲೋ ಅಂತ ಬಾಯಿ ಬಡಿದುಕೊಳ್ಳೋದು ಇದಕ್ಕೇ.

ನಮಗೆ ಎಲ್ಲಕ್ಕಿಂತ ತಟ್ಟಿದ ಸಂಗತಿ ಬೇರೆಯೇ. 1887ರಲ್ಲಿ ಟ್ವೇನ್‌ನ ಸಂಸ್ಥೆಯ ಲೆಕ್ಕ ಬರೆಯುವವನೇ ಸುಮಾರು 25,000 ಡಾಲರ್ ಎಗರಿಸಿದ್ದು ಬಯಲಾಯಿತು. ಬ್ಲಿಸ್ ತನಗೆ ಲೆಕ್ಕದ ಪುಸ್ತಕ ತೋರಿಸಲಿಲ್ಲ ಅಂತ ಹತ್ತು ವರ್ಷ ಕೊರಗಿದ ಮನುಷ್ಯ, ತನ್ನದೇ ಕಂಪನಿಯ ಲೆಕ್ಕದ ಪುಸ್ತಕವನ್ನು ತಾನೇ ತೆರೆದು ನೋಡಿರಲಿಲ್ಲ! ಕುರ್ಚಿ ಬದಲಾದ ಮಾತ್ರಕ್ಕೆ ಡೇಟಾ ತಾನಾಗಿ ಕಣ್ಣೆದುರು ಬರುವುದಿಲ್ಲ. ಟ್ವೇನ್ ಮಾತ್ರ ತಪ್ಪನ್ನೆಲ್ಲ ವೆಬ್‌ಸ್ಟರ್ ತಲೆಗೆ ಕಟ್ಟಿದ. ಮೊದಲು ಬ್ಲಿಸ್ ಇದ್ದ ಜಾಗಕ್ಕೆ ಈಗ ವೆಬ್‌ಸ್ಟರ್ ಬಂದ, ಅಷ್ಟೇ.

ಇದರ ಮೇಲೆ ಯಂತ್ರದ ಹುಚ್ಚು. ಮೊಳೆ ಜೋಡಿಸುವ ಕೆಲಸವನ್ನು ಮಾಡುವ ಪೇಜ್ ಎಂಬವನ ಯಂತ್ರಕ್ಕೆ ಟ್ವೇನ್ 1880ರಿಂದ ಸುರಿದದ್ದು ಸುಮಾರು 3 ಲಕ್ಷ ಡಾಲರ್. ಸುಮಾರು 18,000 ಬಿಡಿಭಾಗಗಳಿದ್ದ ಯಂತ್ರ ಅದು. ಮನುಷ್ಯನ ಕೈ ಮಾಡುವುದನ್ನೆಲ್ಲ ಮಾಡಬೇಕು: ಒಂದೊಂದೇ ಮೊಳೆ ಆರಿಸಿ ಸಾಲು ಜೋಡಿಸಬೇಕು, ಅಚ್ಚಾದ ಮೇಲೆ ಮತ್ತೆ ಬಿಡಿಸಿ ಅದರದರ ಗೂಡಿಗೆ ಹಾಕಬೇಕು. ಅದ್ಭುತವಾಗಿ ಓಡುತ್ತಿತ್ತು, ಮತ್ತೆ ಕೆಟ್ಟು ನಿಲ್ಲುತ್ತಿತ್ತು. ಅಷ್ಟರಲ್ಲಿ ಮೆರ್ಗೆಂಥೇಲರ್‌ನ ಲೈನೊಟೈಪ್ 1886ರಲ್ಲೇ ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯಲ್ಲಿ ಕೆಲಸಕ್ಕೆ ಇಳಿದಿತ್ತು. ಅದು ಮೊಳೆ ಜೋಡಿಸುವ ಗೋಜಿಗೇ ಹೋಗಲಿಲ್ಲ. ಅಕ್ಷರದ ಅಚ್ಚುಗಳನ್ನು ಸಾಲಾಗಿಸಿ, ಕರಗಿದ ಲೋಹ ಹೊಯ್ದು ಇಡೀ ಸಾಲನ್ನೇ ಎರಕ ತೆಗೆಯುತ್ತಿತ್ತು. ಕೆಲಸ ಮುಗಿದ ಮೇಲೆ ಆ ಸಾಲನ್ನು ಮತ್ತೆ ಕರಗಿಸಿದರಾಯಿತು. ಮೊಳೆ ಬಿಡಿಸಿ ಗೂಡಿಗೆ ಹಾಕುವ ತಲೆನೋವೇ ಇಲ್ಲ. ಪೇಜ್ ಸಮಸ್ಯೆಗೆ ಉತ್ತರ ಕಟ್ಟಿದ, ಮೆರ್ಗೆಂಥೇಲರ್ ಸಮಸ್ಯೆಯನ್ನೇ ತೆಗೆದುಹಾಕಿದ. ಉಳಿದಿರುವ ಒಂದೇ ಒಂದು ಪೇಜ್ ಯಂತ್ರ ಈಗ ಹಾರ್ಟ್‌ಫರ್ಡಿನಲ್ಲಿ ಟ್ವೇನ್ ಇದ್ದ ಮನೆಯ ಮ್ಯೂಸಿಯಮ್ಮಿನಲ್ಲಿದೆ.

1894ರ ಏಪ್ರಿಲ್‌ನಲ್ಲಿ ಪ್ರಕಾಶನ ಸಂಸ್ಥೆ ದಿವಾಳಿಯಾಯಿತು. ಕಾನೂನಿನ ಪ್ರಕಾರ ಪೂರ್ತಿ ಸಾಲ ತೀರಿಸುವ ಅಗತ್ಯ ಟ್ವೇನ್‌ಗೆ ಇರಲಿಲ್ಲ. ಆದರೂ ಒಂದೊಂದು ಡಾಲರನ್ನೂ ತೀರಿಸುತ್ತೇನೆ ಅಂತ ಹೊರಟ. ಹತ್ತಿರ ಹತ್ತಿರ ಅರವತ್ತರ ವಯಸ್ಸಿನಲ್ಲಿ, 1895ರಲ್ಲಿ, ಉಪನ್ಯಾಸ ಕೊಡುತ್ತಾ ಪ್ರಪಂಚ ಸುತ್ತಿದ. 1896ರ ಜನವರಿಯಲ್ಲಿ ಮುಂಬಯಿಗೆ ಬಂದಿಳಿದು ಕಾಶಿ, ಕಲ್ಕತ್ತಾ, ಡಾರ್ಜಿಲಿಂಗ್ ಎಲ್ಲ ನೋಡಿದ. ಟ್ವೇನ್ ಭಾರತಕ್ಕೆ ಬಂದಿದ್ದ ಅಂತ ನಾವು ಹೆಮ್ಮೆಯಿಂದ ಹೇಳುತ್ತೇವಲ್ಲ, ಅವನನ್ನು ಇಲ್ಲಿಗೆ ಎಳೆದು ತಂದದ್ದು ಪ್ರಕಾಶನದ ಸಾಲ. 1898ರ ಹೊತ್ತಿಗೆ ಎಲ್ಲರ ಬಾಕಿಯೂ ತೀರಿತು. ಆ ಪ್ರವಾಸದ ಪುಸ್ತಕ ‘ಫಾಲೋಯಿಂಗ್ ದಿ ಈಕ್ವೇಟರ್’ 1897ರಲ್ಲಿ ಅಮೆರಿಕದಲ್ಲಿ ಬಂತು. ಪ್ರಕಾಶಕರು ಯಾರು ಅಂತ ಹೇಳಿ ನೋಡೋಣ? ಅದೇ ಹಳೆಯ ಅಮೆರಿಕನ್ ಪಬ್ಲಿಷಿಂಗ್ ಕಂಪನಿ.

ನಮ್ಮ ಕಡೆ

ಲೇಖಕರೇ ಪ್ರಕಾಶಕರಾಗುವುದು ಕನ್ನಡಕ್ಕೆ ಹೊಸದಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಕಾರಂತರು ಪುತ್ತೂರಿನಲ್ಲಿ ತಮ್ಮದೇ ಮುದ್ರಣಾಲಯ ಇಟ್ಟುಕೊಂಡಿದ್ದರು. ಕುವೆಂಪು ಅವರ ಪುಸ್ತಕಗಳ ಮೇಲೆ ಕಾಣುವ ‘ಉದಯರವಿ ಪ್ರಕಾಶನ’ದ ಉದಯರವಿ ಅಂದರೆ ಮೈಸೂರಿನ ಅವರ ಮನೆಯ ಹೆಸರು. ಟ್ವೇನ್‌ನ ಥರ ಲಕ್ಷಗಟ್ಟಲೆ ಮಾರುವ ಕನಸಿಗಿಂತ, ನಮ್ಮ ಪುಸ್ತಕ ಓದುಗರಿಗೆ ತಲುಪಬೇಕು, ಲೆಕ್ಕ ನಮ್ಮ ಕಣ್ಣೆದುರಿಗೆ ಇರಬೇಕು ಅನ್ನೋದು ಇಂಥ ದಾರಿ ಹಿಡಿಯುವವರ ಆಸೆ. ಆದರೆ ಮಾರಾಟವಾಗದ ಕಟ್ಟುಗಳು ಮಂಚದ ಕೆಳಗೆ ಸೇರಿದರೆ ಆ ನಷ್ಟವೂ ಅವರದೇ.

ಉಳಿದವರು ಪ್ರಕಾಶಕರನ್ನು ನಂಬಿಯೇ ನಡೆಯಬೇಕು. ಕನ್ನಡದಲ್ಲಿ ಸಾವಿರ ಪ್ರತಿ ಅಂದರೆ ಒಳ್ಳೆಯ ಮುದ್ರಣ. ಗ್ರಂಥಾಲಯ ಇಲಾಖೆಯ ಸಗಟು ಖರೀದಿ ಯಾವಾಗ, ಅದರ ಹಣ ಯಾವಾಗ ಅಂತ ಕಾಯುವ ಪ್ರಕಾಶಕರ ಕಷ್ಟವೂ ಸುಳ್ಳಲ್ಲ. ರಾಯಲ್ಟಿ ಬದಲು ಒಂದಿಷ್ಟು ಗೌರವ ಪ್ರತಿ ಹಿಡಿದು ಮನೆಗೆ ಹೋಗುವ ಲೇಖಕರ ಬೇಸರವೂ ಸುಳ್ಳಲ್ಲ. ಎಷ್ಟೋ ಕಡೆ ಎಲ್ಲವೂ ಬಾಯಿಮಾತಿನಲ್ಲೇ ನಡೆದುಬಿಡುತ್ತದೆ. ‘ಬರೆದುಕೊಡಿ’ ಅಂತ ಕೇಳಿದರೆ ನಂಬಿಕೆ ಇಲ್ಲವಾ ಅಂದುಕೊಳ್ಳುತ್ತಾರೋ ಏನೋ ಅನ್ನೋ ಸಂಕೋಚ.

ಆ ಸಂಕೋಚ ಬಿಡಿ ಅಂತ ನಮ್ಮ ಕಾನೂನೇ ಹೇಳುತ್ತೆ. 1957ರ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕನ್ನು ಬರಹದಲ್ಲಿ, ಸಹಿ ಹಾಕಿ ಕೊಟ್ಟರೆ ಮಾತ್ರ ಅದು ಸಿಂಧು. ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲಕ್ಕೆ, ಎಷ್ಟು ರಾಯಲ್ಟಿ ಅಂತ ಬರೆದಿರಬೇಕು. ಕಾಲಾವಧಿ ಬರೆಯದಿದ್ದರೆ 5 ವರ್ಷ ಅಂತ ಅರ್ಥ. ಯಾವ ಪ್ರದೇಶಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಒಪ್ಪಂದದಲ್ಲಿ ಬೇರೆ ರೀತಿ ಹೇಳದೆ ಇದ್ದಾಗ, ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ ಅದು ಬಿದ್ದುಹೋಗುತ್ತದೆ.

ನಮ್ಮ ಕ್ಯಾಂಪಸ್ಸಿನಲ್ಲಿ ಕವಿತೆ ಬರೆಯುವವರಿದ್ದಾರೆ, ಕಥೆ ಬರೆಯುವವರಿದ್ದಾರೆ. ಮುಂದೊಂದು ದಿನ ಟೆಕ್ಸ್ಟ್‌ಬುಕ್ ಬರೆಯುವವರೂ ಹುಟ್ಟಬಹುದು. ಯಾರಾದರೂ ‘ನಿಮ್ಮ ಪುಸ್ತಕ ತರ್ತೀವಿ’ ಅಂತ ಬಂದರೆ ಖುಷಿಯಲ್ಲಿ ಕುಣಿಯೋದು ಸಹಜ, ಕುಣಿಯಿರಿ. ಕುಣಿದಾದ ಮೇಲೆ ನಾಲ್ಕು ಪ್ರಶ್ನೆ ಕೇಳಿ: ಎಷ್ಟು ಪ್ರತಿ ಅಚ್ಚು ಹಾಕ್ತೀರಿ? ರಾಯಲ್ಟಿ ಮುಖಬೆಲೆಯ ಮೇಲಾ, ಲಾಭದ ಮೇಲಾ? ಲೆಕ್ಕ ವರ್ಷಕ್ಕೆ ಎಷ್ಟು ಸಲ ಕೊಡ್ತೀರಿ? ಆ ಲೆಕ್ಕವನ್ನು ನಾವು ಪರಿಶೀಲಿಸಬಹುದಾ? ಇದೆಲ್ಲ ಕಾಗದದ ಮೇಲೆ ಬರಲಿ. ಅದೇ ಕಾಗದದಲ್ಲಿ ನೀವು ಹಸ್ತಪ್ರತಿ ಕೊಡುವ ತಾರೀಖನ್ನೂ ಬರೆಯಿರಿ. ಬರೆದ ತಾರೀಖಿಗೆ ಕೊಡಿ ಕೂಡ!